ನಮ್ಮ ವಠಾರ ಊರಾಚೆ ಹೋದ ದಿನ

ಆವತ್ತು ಬೆಳಿಗ್ಗೆಯೂ ಎದ್ದವಳೇ ಹಿತ್ತಿಲ ಬಚ್ಚಲುಮನೆಗೆ ಹೋಗಿ ಹಂಡೆಯ ಒಲೆ ಹೊತ್ತಿಸಿದೆ. ಕೆಳಗೆ ನೀಲಗಿರಿಯ ಒಣಸೌದೆ, ಅದರ ಮೇಲೆ ಎರಡು ತೆಂಗಿನ ಗರಿ, ಗರಿಯ ಮೇಲೆ ಒಂದಿಷ್ಟು ಸೀಮೆಎಣ್ಣೆ. ಒಲೆಗೆ ಸೀಮೆಎಣ್ಣೆ ಸುರಿದರೆ ಹೆಂಗಸು ಸೋತಳು ಎಂದೇ ಅರ್ಥ ಎಂದು ದಾವಣಗೆರೆಯ ನಮ್ಮಜ್ಜಿ ಹೇಳುತ್ತಿದ್ದರು. ನಾನು ದಿನಾ ಸೋಲುತ್ತಿದ್ದೆ, ದಿನಾ ನೀರೂ ಕಾಯುತ್ತಿತ್ತು. ನೀಲಗಿರಿಯ ಹೊಗೆ ನೆಗಡಿಗೆ ಹಚ್ಚುವ ಮುಲಾಮಿನ ವಾಸನೆಯದು. ಬೊಮ್ಮಸಂದ್ರದ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸುವ ದಿನ ಆ ಹೊಗೆಯೇ ಎಷ್ಟೋ ಹಿತ. ಮೊದಲ ಪಾಳಿಯ ಸೈರನ್ ಕೂಗುವುದರೊಳಗೆ ನಮ್ಮ ಯಜಮಾನರು ಟಿಫಿನ್ ಡಬ್ಬಿ ಹಿಡಿದು ಕಂಪನಿ ಬಸ್ಸಿಗೆ ಓಡಬೇಕು. ಅವರು ಓಡಿದ ಸ್ವಲ್ಪ ಹೊತ್ತಿಗೆ ನಾಲ್ಕು ವರ್ಷದ ಮಗಳು ಏಳುತ್ತಾಳೆ. ಇವೆರಡರ ನಡುವೆ ಸಿಗುವ ಸಣ್ಣ ಸಂದಿನಲ್ಲಿ ನಾನು ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಕಾಫಿ ಕುಡಿದು, ಮನುಷ್ಯಳಾಗಬೇಕು.

ಆ ತಿಂಗಳು ಅದೇ ಸಂದಿಗೆ ಇನ್ನೊಂದು ಕೆಲಸವೂ ತುರುಕಿಕೊಂಡಿತ್ತು. ವಠಾರದ ಕೊನೆಯ ಮನೆಯ ಜಯಂತಿ ಹಸಿ ಬಾಣಂತಿ. ಮನೆಯವರನ್ನು ಎದುರು ಹಾಕಿಕೊಂಡು ಮದುವೆಯಾದವಳು, ತವರಿನವರು ಮಾತು ಬಿಟ್ಟಿದ್ದರು. ಗಂಡ ಜಿಗಣಿಯ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಆಗ ಔಷಧಿಗೆ ಎಲ್ಲಿಲ್ಲದ ಬೇಡಿಕೆ, ಹಾಗಾಗಿ ಅವನು ಎರಡೆರಡು ಪಾಳಿ ಮಾಡಿ ಕಾರ್ಖಾನೆಯಲ್ಲೇ ಮಲಗುತ್ತಿದ್ದ. ಬಾಣಂತನ ಯಾರದು ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಹಂಡೆ ಇದ್ದದ್ದು ನಮ್ಮ ಮನೆಯ ಹಿಂದೆ. ಹೀಗಾಗಿ ಬಾಣಂತನ ನೀರಿನ ಜೊತೆ ಹರಿದುಕೊಂಡು ನನ್ನ ಬಳಿಗೆ ಬಂತು.

ಔಷಧಿಗೆ ಯಾಕೆ ಬೇಡಿಕೆ ಎನ್ನುತ್ತೀರಾ? ಪ್ಲೇಗು! ತೊಂಬತ್ತರ ದಶಕದ ನಡುವಿನ ಮಾತು ಇದು. ದೂರದ ಸೂರತ್ತಿನಲ್ಲಿ ಪ್ಲೇಗು ಕಾಣಿಸಿತೆಂದು ಟೀವಿಯಲ್ಲಿ ಬಂದದ್ದೇ ತಡ, ಇಲ್ಲಿ ಬೆಂಗಳೂರಿನ ಅಂಚಿನಲ್ಲಿ ನಾವೆಲ್ಲ ಇಲಿ ಹುಡುಕತೊಡಗಿದೆವು. ಅಲ್ಲಿಯವರೆಗೆ ಇಲಿ ಎಂದರೆ ಗಣಪತಿಯ ವಾಹನ ಮತ್ತು ರವೆ ಡಬ್ಬಿಯ ಶತ್ರು, ಅಷ್ಟೆ. ಈಗ ಹೊಸ್ತಿಲಿನ ಹತ್ತಿರ ಒಂದು ಕಪ್ಪು ಕಾಳು ಕಂಡರೂ ಅದು ಸಾಸಿವೆಯೋ ಇಲಿಯ ಹಿಕ್ಕೆಯೋ ಎಂದು ಬೆಳಕಿಗೆ ಹಿಡಿದು ನೋಡುವ ಹಾಗಾಯಿತು.

ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುವ ಇಂಜಿನಿಯರು. ಕಾರ್ಖಾನೆಯ ನೋಟೀಸ್ ಬೋರ್ಡಿನಲ್ಲಿ ‘ಮನೆಯ ಬಿಲಗಳನ್ನು ಮುಚ್ಚಿ’ ಎಂದು ಬರೆದಿದ್ದರಂತೆ. ಇವರಿಗೆ ಅಷ್ಟೇ ಸಾಕಾಯಿತು. ಗುಜರಿಯಿಂದ ಉಕ್ಕಿನ ಜಾಲರಿ ತಂದು, ಅಳತೆ ತೆಗೆದು, ಕತ್ತರಿಸಿ, ಮನೆಯ ಪ್ರತಿ ತೂತಿಗೂ ಸಿಮೆಂಟ್ ಹಾಕಿ ಕೂರಿಸಿದರು. ಎಷ್ಟು ಅಚ್ಚುಕಟ್ಟಾಗಿ ಕೂರಿಸಿದರೆಂದರೆ ಬಚ್ಚಲ ನೀರು ಹೊರಗೆ ಹೋಗುವುದನ್ನೇ ನಿಲ್ಲಿಸಿತು. ಆ ಭಾನುವಾರ ಮಗಳು ನಡುಮನೆಯಲ್ಲಿ ಕಾಗದದ ದೋಣಿ ಬಿಟ್ಟಳು. “ಇಲಿ ಬಂತಾ? ಇಲ್ಲ ತಾನೇ?” ಎಂದು ಯಜಮಾನರು ಒದ್ದೆ ಪಂಚೆ ಎತ್ತಿ ಹಿಡಿದು ಕೇಳಿದರು. ನಿಜ, ಇಲಿ ಬರಲಿಲ್ಲ. ಅದಕ್ಕೆ ಈಜು ಬರುತ್ತಿರಲಿಲ್ಲವೇನೋ.

ನಮ್ಮ ಪಕ್ಕದ ಮನೆ ಪ್ರಭಾ ಅವರದು ಬೇರೆ ಶಿಸ್ತು. ಅವರ ಯಜಮಾನರಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ಮಾಯವಾಗುವ ಮೊದಲೇ ಅವರು ಎಲ್ಲಿಂದಲೋ ಎರಡು ಹಾಳೆ ಗಿಟ್ಟಿಸಿ ಅಕ್ಕಿ ಡಬ್ಬಿಯಲ್ಲಿ ಹೂತಿದ್ದರು. ಕಿಟಕಿಗಳಿಗೆಲ್ಲ ಮೈದಾ ಅಂಟಿನಲ್ಲಿ ಹಳೆ ಪೇಪರ್ ಹಚ್ಚಿದರು. ಹೊರಗೆ ಬಂದರೆ ಮೂಗಿಗೆ ಕರವಸ್ತ್ರ, ಕರವಸ್ತ್ರದ ಮೇಲೆ ನೀಲಗಿರಿ ಎಣ್ಣೆ. “ಶೈಲಾ, ಮಗೂನ ಕರ್ಕೊಂಡು ದಾವಣಗೆರೆಗೆ ಹೋಗ್ಬಿಡಿ ಕಣ್ರೀ. ಇಲ್ಲಿ ಫ್ಯಾಕ್ಟರಿಗೆ ಎಲ್ಲೆಲ್ಲಿಂದಲೋ ಜನ ಬರ್ತಾರೆ, ಯಾರ ಮೈಯಲ್ಲಿ ಏನಿದೆಯೋ,” ಎಂದು ದಿನಕ್ಕೊಮ್ಮೆ ಹೇಳುತ್ತಿದ್ದರು.

“ರೈಲಲ್ಲಿ ಇನ್ನೂ ಜಾಸ್ತಿ ಜನ ಇರ್ತಾರೆ ಪ್ರಭಾ,” ಎನ್ನುತ್ತಿದ್ದೆ ನಾನು.

ನಾನು ಸುಮ್ಮನೆ ಕೂತಿದ್ದೆನೆಂದು ತಿಳಿಯಬೇಡಿ. ನನ್ನ ಸಿದ್ಧತೆಯೂ ಇತ್ತು. ಯಜಮಾನರ ಹಳೆಯ ಪಂಚೆಯೊಂದನ್ನು ಹರಿದು, ನಾಲ್ಕು ಪದರ ಮಡಿಸಿ, ಮುಖಕ್ಕೆ ಕಟ್ಟುವ ಬಟ್ಟೆಗಳನ್ನು ಹೊಲಿದು ರಾಶಿ ಹಾಕಿದ್ದೆ. ಅಂಚಿಗೆ ಸಣ್ಣ ಹೊಲಿಗೆ, ಮೂಲೆಗೆ ದಾರದ ಕುಣಿಕೆ. ಮಗಳು ಅದನ್ನು ಕಟ್ಟಿಕೊಳ್ಳದೆ ಗೊಂಬೆಗೆ ಲಂಗೋಟಿ ಮಾಡಿದಳು. ಯಜಮಾನರು ಒಂದು ದಿನ ಕಟ್ಟಿಕೊಂಡು ಹೋಗಿ, ಬಸ್ಸಿನಲ್ಲಿ ಯಾರೋ “ಏನ್ ಗುರು, ದರೋಡೆಗೆ ಹೊರಟ್ಯಾ?” ಎಂದರೆಂದು ಬಿಚ್ಚಿ ಜೇಬಿಗಿಟ್ಟರು.

ಈ ಹೊಲಿಗೆ, ಮಡಿಕೆ, ಅಂಚು ಎಲ್ಲ ನನಗೆ ಕಾನ್ವೆಂಟಿನ ಬಳುವಳಿ. ವಾರಕ್ಕೊಂದು ದಿನ ಸಿಸ್ಟರ್ ಒಬ್ಬರು ನಮಗೆ ಮನೆಶುಶ್ರೂಷೆಯ ಪಾಠ ಮಾಡುತ್ತಿದ್ದರು. ರೋಗಿಯನ್ನು ಅಲುಗಿಸದೆ ಹಾಸಿಗೆಯ ಚಾದರ ಬದಲಿಸುವುದು ಹೇಗೆ, ಥರ್ಮಾಮೀಟರನ್ನು ಹೇಗೆ ಕೊಡವಬೇಕು, ಬಾಗಿಲನ್ನು ಸದ್ದಾಗದಂತೆ ಹೇಗೆ ಮುಚ್ಚಬೇಕು. ರೋಗಿಯ ಪಾತ್ರ ಯಾವಾಗಲೂ ನನ್ನದೇ. ಯಾಕೆಂದರೆ ತರಗತಿಯಲ್ಲಿ ಬಾಯಿಲ್ಲದವಳು ನಾನೊಬ್ಬಳೇ. ನನಗೆ ಲೆಕ್ಕವಿಲ್ಲದಷ್ಟು ಸಲ ಜ್ವರ ಬಂದು ಇಳಿದಿದೆ, ಕೈ ಮುರಿದು ಕೂಡಿದೆ. ‘ಒಳ್ಳೆ ಹುಡುಗಿಯ ದನಿ ಊಟದ ಮೇಜು ದಾಟಬಾರದು’ ಎಂದು ಸಿಸ್ಟರ್ ಹೇಳಿದ್ದನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಇಂದಿಗೂ ತರಕಾರಿ ಅಂಗಡಿಯಲ್ಲಿ ನಾನು ಕಾಲು ಕೇಜಿ ಕೇಳಿದರೆ ಅವನು “ಏನ್ ಮೇಡಂ?” ಎಂದು ಮೂರು ಸಲ ಕೇಳುತ್ತಾನೆ.

ಕಾನ್ವೆಂಟಿಗೆ ಸೇರುವ ಮೊದಲಿನದೂ ಒಂದು ಕಥೆಯಿದೆ. ನಮ್ಮ ಓಣಿಗೆ ಕಾಲರಾ ಚುಚ್ಚುಮದ್ದಿನವರು ಬಂದಾಗ ಅಜ್ಜಿ ನನ್ನನ್ನು ಎತ್ತಿ ಜೋಳದ ಕಣಜದೊಳಗೆ ಇಳಿಸಿಬಿಟ್ಟಿದ್ದರು. “ಉಸಿರು ಬಿಡಬ್ಯಾಡ,” ಎಂದು ಮೇಲೆ ಮೊರ ಮುಚ್ಚಿದರು. ಜೋಳದ ದೂಳು ಮೂಗಿಗೆ ಹೋಗಿ ನಾನು ಸೀನಿದೆ. ಚುಚ್ಚುಮದ್ದಿನವನು ಮೊರ ಸರಿಸಿ, ಕಣಜದೊಳಗೇ ಕೈಬಿಟ್ಟು, ಅಲ್ಲೇ ಚುಚ್ಚಿ ಹೋದ. ಅಜ್ಜಿ ತಮ್ಮ ತೋಳನ್ನೂ ಕೊಡಬೇಕಾಯಿತು. ಆಮೇಲೆ ಮೂರು ದಿನ ಇಬ್ಬರೂ ತೋಳು ಊದಿಸಿಕೊಂಡು ಒಂದೇ ಚಾಪೆಯ ಮೇಲೆ ಮಲಗಿ ಸರ್ಕಾರವನ್ನು ಬೈದೆವು.

ಇರಲಿ, ಆ ಬೆಳಿಗ್ಗೆಗೆ ಬರೋಣ. ಯಜಮಾನರು ಬಸ್ಸಿಗೆ ಹೋದ ಮೇಲೆ ಬಿಸಿನೀರಿನ ಬಕೆಟ್ ಹಿಡಿದು ಜಯಂತಿಯ ಮನೆಗೆ ಹೋದೆ. ಅವಳು ಎದ್ದಿರಲಿಲ್ಲ. ಕಂಬಳಿ ಹೊದ್ದು ನಡುಗುತ್ತಿದ್ದಳು. ಮಗು ಪಕ್ಕದಲ್ಲಿ ಕೆಂಪಗೆ ಅಳುತ್ತಿತ್ತು. ಹಣೆ ಮುಟ್ಟಿ, ಮನೆಗೋಡಿ ಬಂದು ಥರ್ಮಾಮೀಟರ್ ತಂದೆ. ನೂರೆರಡು ದಾಟಿತ್ತು.

“ಎದೆ ಕಲ್ಲಾಗಿದೆ ಅಕ್ಕಾ. ಮಗು ಬಾಯೇ ಹಾಕ್ತಿಲ್ಲ,” ಎಂದಳು.

ನನಗೆ ಅರ್ಥವಾಯಿತು. ಮಗಳು ಹುಟ್ಟಿದಾಗ ನನಗೂ ಹೀಗೇ ಹಾಲು ಕಟ್ಟಿಕೊಂಡು ಜ್ವರ ಬಂದಿತ್ತು. ಆದರೂ ಎಸ್‌ಟಿಡಿ ಬೂತಿಗೆ ಓಡಿ ಜಯಂತಿಯ ಹೆರಿಗೆ ಮಾಡಿಸಿದ ಲೇಡಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೆಮ್ಮು ಇದೆಯಾ, ಕಂಕುಳಲ್ಲಿ ಗೆಡ್ಡೆ ಇದೆಯಾ, ರಕ್ತಸ್ರಾವ ಹೇಗಿದೆ ಎಂದು ಒಂದೊಂದೇ ಕೇಳಿ, “ಬಿಸಿಬಟ್ಟೆಯಲ್ಲಿ ಶಾಖ ಕೊಡ್ತಾ ಇರಿ, ಹಾಲು ಹಿಂಡಿ ತೆಗೀರಿ, ಮಗುವಿಗೆ ಮೇಲಿಂದ ಮೇಲೆ ಕುಡಿಸಿ. ನಾನು ಹೇಳದೆ ಯಾವ ಮಾತ್ರೆಯೂ ಬೇಡ. ಸಂಜೆಯೊಳಗೆ ಜ್ವರ ಇಳೀಲಿಲ್ಲ ಅಂದ್ರೆ ಕರ್ಕೊಂಡು ಬಂದುಬಿಡಿ,” ಎಂದರು. ಅಂದರೆ ಇಡೀ ದಿನ ಒಲೆ ಉರಿಯಬೇಕು.

ವಾಪಸ್ ಬಂದು ಒಲೆಗೆ ಇನ್ನೂ ನಾಲ್ಕು ಸೌದೆ ತಳ್ಳಿದೆ. ಹೊಗೆ ಕೊಳವೆಯಿಂದ ಗೋಪುರದ ಹಾಗೆ ಎದ್ದಿತು. ಅದರ ಹಿಂದೆಯೇ ಮುನಿತಾಯಮ್ಮ ಬಂದರು.

ಮುನಿತಾಯಮ್ಮ ನಮ್ಮ ಮನೆ ಓನರು. ಊರಿನ ಹಳೆಯ ಒಕ್ಕಲು ಮನೆತನದವರು. ಗಂಡ ತೀರಿಕೊಂಡ ಮೇಲೆ ರಾಗಿ ಹೊಲದಲ್ಲಿ ಮನೆಗಳ ಸಾಲು ಕಟ್ಟಿ ನಮ್ಮಂಥವರಿಗೆ ಬಾಡಿಗೆಗೆ ಕೊಟ್ಟು, ಹಸು ಸಾಕಿಕೊಂಡು ಒಬ್ಬರೇ ಗಟ್ಟಿಯಾಗಿ ಇದ್ದವರು.

“ಏನಮ್ಮಾ ಇಂಜಿನಿಯರಮ್ಮ, ನೆನ್ನೆ ಸಂಜೆ ತಮಟೆ ಒಡ್ದಿದ್ದು ಕೇಳ್ನಿಲ್ವಾ? ಊರ್ಗೆ ಊರೇ ಒಲೆ ಅಚ್ದೆ ಕುಂತದೆ. ನೀನ್ ನೋಡುದ್ರೆ ರೈಲ್ ಬುಟ್ಟಂಗೆ ಒಗೆ ಬುಡ್ತಿದ್ದೀಯ!”

ತಮಟೆ ಕೇಳಿತ್ತು. ಆದರೆ ವಠಾರದವರ ಪಾಲಿಗೆ ತಮಟೆ ಎಂದರೆ ಕಂದಾಯ, ಇಲ್ಲವೇ ಕೆರೆ ಹರಾಜು. ಅದು ಊರವರ ವ್ಯವಹಾರ ಎಂದು ನಾವು ಯಾರೂ ಕಿವಿ ಕೊಡುತ್ತಿರಲಿಲ್ಲ. ಆವತ್ತು ಊರು ಬಿಡುವ ದಿನವಂತೆ. ಊರಿಗೆ ಮಾರಿ ಬರುತ್ತದೆಂದು ಕಂಡಾಗ ಎಲ್ಲರೂ ಮನೆಗೆ ಬೀಗ ಹಾಕಿ, ಒಲೆಯಲ್ಲಿ ಕಿಡಿಯೂ ಉಳಿಸದೆ, ಊರ ಬಾಯಿಗೆ ಜಾಲಿಮುಳ್ಳು ಎಳೆದು ಹೊರಗೆ ಹೋಗುತ್ತಾರೆ. ಹೊಲದಲ್ಲೋ ತೋಪಿನಲ್ಲೋ ಅಡುಗೆ ಮಾಡಿ ಉಂಡು, ದೀಪ ಹಚ್ಚುವ ಹೊತ್ತಿಗೆ ಮರಳುತ್ತಾರೆ. ಬಂದ ಮಾರಿ ಖಾಲಿ ಬೀದಿ ನೋಡಿ, ಇಲ್ಲಿ ಯಾರೂ ಇಲ್ಲವೆಂದು ಮುಂದೆ ಹೋಗುತ್ತಾಳೆ. ನಮ್ಮ ಕಡೆ ಇದನ್ನು ಹೊರಬೀಡು ಎನ್ನುತ್ತಾರೆ. ಅಜ್ಜಿಯ ಬಾಯಲ್ಲಿ ಕೇಳಿದ್ದೆ, ಕಂಡಿರಲಿಲ್ಲ. ಟೀವಿಯ ಪ್ಲೇಗು ಈ ಹಳ್ಳಿಯ ಹಿರಿಯರಿಗೆ ಅದನ್ನು ಮತ್ತೆ ನೆನಪಿಸಿತ್ತು.

“ಒಂದು ಒಲೆ ಉರುದ್ರೂ ಊರ್ಗೆಲ್ಲ ಮಾಡಿದ್ದು ನೀರ್ಪಾಲು,” ಎಂದರು ಮುನಿತಾಯಮ್ಮ. “ಉಡ್ಗಾಟ ಅಲ್ಲ ಕಣಮ್ಮಾ ಇದು. ನಮ್ಮತ್ತೆ ಕಾಲ್ದಾಗೆ ನಮ್ಮನೇಲೇ ಮೂರು ಜನ ಸತ್ತೋದ್ರು. ಎತ್ತಕ್ಕೂ ಆಳಿರ್ನಿಲ್ವಂತೆ.”

ಆ ಮಾತು ಹೇಳುವಾಗ ಅವರ ದನಿ ತಗ್ಗಿತು. ನನಗೆ ನಗು ಬರಲಿಲ್ಲ. ಉಕ್ಕಿನ ಜಾಲರಿಯನ್ನೂ ಅಕ್ಕಿ ಡಬ್ಬಿಯ ಮಾತ್ರೆಯನ್ನೂ ನಂಬಿದ ನಾವು ಜಾಲಿಮುಳ್ಳನ್ನು ನೋಡಿ ನಗುವುದಾದರೂ ಹೇಗೆ? ಆದರೆ ಒಲೆಯನ್ನು ಆರಿಸುವ ಹಾಗಿರಲಿಲ್ಲ. ಜಯಂತಿಗೆ ಜ್ವರ ಎಂದು ನಾನು ಹೇಳುವುದರೊಳಗೆ, ಪ್ರಭಾ ಅವರ ಕಿಟಕಿಯ ಪೇಪರಿನ ಹಿಂದಿನಿಂದ “ನೂರೆರಡಂತೆ!” ಎಂಬ ದನಿ ಬಂತು. ಬಾಗಿಲು ಭದ್ರವಾಗಿತ್ತು, ಕಿವಿ ಮಾತ್ರ ಹೊರಗಿತ್ತು.

ಮುನಿತಾಯಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಗಳಿಗೆಯಲ್ಲಿ ಸುದ್ದಿ ಊರು ಮುಟ್ಟಿ, ಅವರ ಭಾವ ಮುನಿಶಾಮಪ್ಪ ನಾಲ್ಕು ಜನರನ್ನು ಹಿಂದಿಟ್ಟುಕೊಂಡು ಬಂದರು. ಅವರು ಪಂಚಾಯ್ತಿ ಮೆಂಬರು. ಬಿಳಿ ಮೀಸೆ, ಹೆಗಲ ಮೇಲೆ ಟವೆಲು, ಮಾತಿಗೆ ಮೊದಲು ಒಂದು ಕೆಮ್ಮು. ಆವತ್ತು ಮಾತ್ರ ಆ ಕೆಮ್ಮನ್ನು ಕಷ್ಟಪಟ್ಟು ನುಂಗಿಕೊಂಡರು.

“ಜ್ವರದೋಳ್ನ ಊರೊಳಗೆ ಬುಟ್ಟು ಮುಳ್ಳು ಎಳ್ಯಕಾಯ್ತದಾ? ಆಸ್ಪತ್ರೆ ಗಾಡಿಗೆ ಫೋನ್ ಮಾಡ್ಸಿ ಸಿಟಿಗೆ ಸಾಗಾಕಿ. ಕೂಸ್ನ ಯಾರಾನ ನೋಡ್ಕಂತಾರೆ,” ಎಂದರು.

“ಅವಳಿಗೆ ಪ್ಲೇಗಲ್ಲ. ಹಾಲು ಕಟ್ಟಿದೆ. ಡಾಕ್ಟರನ್ನ ಕೇಳಿದ್ದೀನಿ,” ಎಂದೆ.

“ಏನಂದೆ?” ಎಂದು ಕೇಳಿದರು. ನನ್ನ ದನಿ ಊಟದ ಮೇಜು ದಾಟಿರಲಿಲ್ಲ. ಮತ್ತೆ ಹೇಳಿದೆ.

“ಡಾಕ್ಟ್ರು ಬಂದ್ ನೋಡುದ್ರಾ?”

“ಫೋನಲ್ಲಿ ಕೇಳಿದ್ರು.”

“ಫೋನ್ನಾಗೆ ಜ್ವರ ಕಾಣ್ತದೇನಮ್ಮಾ?”

ಹಿಂದಿದ್ದವರು ನಕ್ಕರು. ಪ್ರಶ್ನೆ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಕೊನೆಯ ಮನೆಯ ಬಾಗಿಲಿಗೆ ಒರಗಿಕೊಂಡು ಜಯಂತಿ ನಿಂತಿರುವುದು ಕಾಣಿಸಿತು. ಮಗುವನ್ನು ಎದೆಗೆ ಎಷ್ಟು ಬಿಗಿಯಾಗಿ ಒತ್ತಿಕೊಂಡಿದ್ದಳೆಂದರೆ ಅದು ಅಳುವುದನ್ನೂ ನಿಲ್ಲಿಸಿತ್ತು. ಅವಳ ಬೆರಳುಗಳ ಗೆಣ್ಣು ಬಿಳಿಚಿದ್ದು ಅಷ್ಟು ದೂರಕ್ಕೂ ಕಾಣುತ್ತಿತ್ತು.

ಆಗ ನನಗೇನಾಯಿತೋ ಗೊತ್ತಿಲ್ಲ. ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಆ ದನಿ, ಕಣಜದೊಳಗಿನ ಸೀನಿನ ಹಾಗೆ ಹೊರಗೆ ಬಂತು.

“ಗಾಡಿ ಕರೆಸಿ. ತಾಯಿ ಮಗು ಇಬ್ರೂ ಹತ್ತುತ್ತಾರೆ, ಅವರ ಜೊತೆ ನಾನೂ ಹತ್ತುತ್ತೀನಿ. ತಾಯಿ ಒಂದು ಕಡೆ ಕೂಸು ಒಂದು ಕಡೆ ಅನ್ನೋದು ಮಾತ್ರ ನಾನಿರೋವರೆಗೂ ಆಗಲ್ಲ. ಹಾಗೇ ಈ ಒಲೇನೂ ಆರಿಸಲ್ಲ!”

ನನ್ನ ಮಗಳು ಹೊಸ್ತಿಲಲ್ಲಿ ಬಾಯಿಗೆ ಬೆರಳಿಟ್ಟು ನನ್ನನ್ನು ಹೊಸಬಳೆಂಬಂತೆ ನೋಡುತ್ತಿದ್ದಳು. ಮುನಿಶಾಮಪ್ಪ ಟವೆಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡರು. “ಊರೊಳಗಿದ್ ಮ್ಯಾಲೆ ಊರಿನ್ ಕಟ್ಟು ಕೇಳ್ಬೇಕಮ್ಮಾ,” ಎಂದರು.

ಊರೊಳಗೆ! ಆ ಮಾತು ಅವರ ಬಾಯಿಂದ ಬರಬೇಕೆ? ನಮ್ಮ ವಠಾರಕ್ಕೆ ಪಂಚಾಯ್ತಿ ನಲ್ಲಿ ಹಾಕಿಸಿಕೊಡಿ ಎಂದು ನಾವು ಹೆಂಗಸರು ಎಷ್ಟು ಸಲ ಅವರ ಜಗಲಿ ಹತ್ತಿಳಿದಿದ್ದೆವೋ! ಪ್ರತಿ ಸಲವೂ ಅವರದು ಒಂದೇ ಮಾತು. ‘ನಿಮ್ದು ರಾಗಿ ಒಲ್ದಾಗೆ ಕಟ್ಟಿರೋ ಮನೆ. ಗ್ರಾಮಠಾಣದಾಚೆ. ಊರೊಳಗಿದ್ರೆ ತಾನೇ ನಲ್ಲಿ?’ ಹೀಗಾಗಿ ನಾವು ಊರೊಳಗಿನ ನಲ್ಲಿಯಿಂದ ಕೊಡ ಹೊತ್ತು ಊರಾಚೆಯ ಮನೆಗೆ ನೀರು ತರುತ್ತಿದ್ದೆವು.

“ಮುನಿಶಾಮಪ್ಪನೋರೇ, ಈ ವಠಾರ ಊರೊಳಗಿದೆಯೋ, ಊರಾಚೆ ಇದೆಯೋ? ಯೋಚಿಸಿ ಹೇಳಿ. ಊರೊಳಗೆ ಅಂದ್ರೆ ನಾಳೇನೇ ನಲ್ಲಿ ಹಾಕ್ಸಿ. ಊರಾಚೆ ಅಂದ್ರೆ ನಿಮ್ಮ ಮುಳ್ಳನ್ನ ನಮ್ಮಿಂದ ಆಚೆಗೆ ಎಳೀರಿ. ನಾವು ಆಗಲೇ ಊರು ಬಿಟ್ಟಾಗಿದೆ. ಊರು ಬಿಟ್ಟೋರು ಒಲೆ ಹಚ್ಚಬಹುದಲ್ಲ?”

ಅವರು ಟವೆಲಿನಿಂದ ಮೀಸೆ ಒರೆಸಿಕೊಂಡರು.

“ಮಾರಿಗೆ ಸರ್ವೆ ನಂಬ್ರು ಗೊತ್ತಾಯ್ತದೇನಮ್ಮಾ?”

“ನಲ್ಲಿಗೆ ಗೊತ್ತಾಗತ್ತೆ, ಮಾರಿಗೆ ಗೊತ್ತಾಗಲ್ವಾ?”

ಮುನಿತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಭುಜ ಕುಲುಕುತ್ತಿತ್ತು. ಬೀದಿ ದೀಪ ಕೇಳಲು ಹೋಗಿ ಅದೇ ಉತ್ತರ ಪಡೆದು ಬಂದವರು ಅವರೂ. “ಇದ್ದುದ್ನೇ ಅಂತಾಳೆ ಬುಡು ಭಾವ,” ಎಂದರು ಸೆರಗು ತೆಗೆದು. “ನನ್ ರಾಗಿ ಒಲ ಯಾವತ್ ಊರೊಳಗಿತ್ತು? ನಮ್ ಮಾವನೋರು ಊರು ಬುಟ್ಟಾಗ ಗುಡ್ಲು ಆಕ್ಕಂಡಿದ್ದೇ ಈ ಜಾಗ್ದಾಗೆ. ಎಳ್ರೋ ಮುಳ್ನ, ನನ್ ಕೊಟ್ಗೆ ತಾವ್ಕೆ!”

ಮುನಿಶಾಮಪ್ಪ ಸುಲಭಕ್ಕೆ ಬಿಡುವವರಲ್ಲ. “ಆಯ್ತು. ದೀಪ ಅಚ್ಚೋಗಂಟ ನೋಡ್ತೀನಿ. ಅಷ್ಟೊತ್ಗೆ ಜ್ವರ ಇಳೀನಿಲ್ಲ ಅಂದ್ರೆ ಗಾಡಿ ಬತ್ತದೆ. ನೀ ಎಷ್ಟಾನ ಕೂಗು, ಕೂಸು ಅದ್ರ ಜತೆ ಓಗಾಕಿಲ್ಲ,” ಎಂದರು. ಹೇಳಿ, ವಠಾರದೆದುರಿನ ಹುಣಸೆಮರದ ಕೆಳಗೆ, ಜಯಂತಿಯ ಬಾಗಿಲು ಕಾಣುವ ಹಾಗೆ ಮಂಚ ಹಾಕಿಸಿಕೊಂಡು ಕೂತುಬಿಟ್ಟರು.

ಜಾಲಿಯ ಕೊಂಬೆಗಳು ದೂಳೆಬ್ಬಿಸುತ್ತ ಬಂದು ಕೊಟ್ಟಿಗೆಯ ಪಕ್ಕ ಬಿದ್ದವು. ಊರು ಅತ್ತ, ನಾವು ಇತ್ತ. ನೀಲಗಿರಿ ತೋಪಿಗೆ ಹೋಗಬೇಕಿದ್ದ ಮುನಿತಾಯಮ್ಮ ನಮ್ಮ ಬಾಗಿಲ ಎದುರಿಗೇ ಮೂರು ಕಲ್ಲಿಟ್ಟರು. “ತೋಪ್ನಾಗೆ ಗಾಳಿ. ಇಲ್ಲಿ ಗೋಡೆ ಮರೆ ಐತೆ,” ಎಂದರು, ಯಾರೂ ಕೇಳದಿದ್ದರೂ. ಅವರ ಹಿಂದೆ ಅವರ ಓರಗಿತ್ತಿ, ಓರಗಿತ್ತಿಯ ಸೊಸೆ, ಬೀಗರು. ನೋಡನೋಡುತ್ತ ನನ್ನ ರಂಗೋಲಿಯ ಸುತ್ತ ಒಲೆಗಳೆದ್ದವು, ಮುದ್ದೆಗೆ ಎಸರಿಟ್ಟರು. ಮಾರಿಯ ಪಾಲಿಗೆಂದು ಕೋಳಿಗಳೂ ಬಂದವು. ಸಂಜೆ ಲಿಂಗಪೂಜೆ ಇಲ್ಲದೆ ನೀರೂ ಮುಟ್ಟದ ಮನೆತನದ ಸೊಸೆ ನಾನು. ನನ್ನ ಹೊಸ್ತಿಲಿನಿಂದ ಮಾರು ದೂರದಲ್ಲಿ ಕೋಳಿಸಾರು ಕುದಿಯುತ್ತಿದೆ, ನಾನು ಅದಕ್ಕೆ ಸೌದೆ ಎತ್ತಿ ಕೊಡುತ್ತಿದ್ದೇನೆ! ಅತ್ತೆಯವರು ಆ ಗಳಿಗೆಯಲ್ಲಿ ದಾವಣಗೆರೆಯಿಂದ ಇಳಿದುಬಂದಿದ್ದರೆ ಪ್ಲೇಗು ಎಷ್ಟೋ ಸಣ್ಣ ವಿಷಯವಾಗುತ್ತಿತ್ತು.

ನನ್ನ ಧೈರ್ಯವೆಲ್ಲ ಅಂಗಳದವರೆಗೆ ಮಾತ್ರ. ಜಯಂತಿಯ ಕೋಣೆಯೊಳಗೆ ಹೋಗುತ್ತಲೇ ಡಾಕ್ಟರು ಹೇಳಿದ್ದನ್ನೆಲ್ಲ ಮತ್ತೊಮ್ಮೆ ಬೆರಳಲ್ಲಿ ಎಣಿಸಿಕೊಂಡೆ. ಶಾಖ ಕೊಡಲು ಮೆತ್ತನೆಯ ಬಟ್ಟೆ ಬೇಕಿತ್ತು. ಹುಡುಕುತ್ತ ಕೂರಲಿಲ್ಲ, ಮುಖಕ್ಕೆಂದು ಹೊಲಿದಿಟ್ಟ ರಾಶಿಯನ್ನೇ ತಂದೆ. ಹಳೆ ಪಂಚೆ, ನಾಲ್ಕು ಪದರ, ಅಂಚಿಗೆ ಹೊಲಿಗೆ. ಪ್ಲೇಗಿಗೆ ಬೇಡವಾದದ್ದು ಬಾಣಂತಿಗೆ ಹೇಳಿ ಮಾಡಿಸಿದಂತಿತ್ತು. ಬಿಸಿನೀರಲ್ಲಿ ಅದ್ದಿ, ಹಿಂಡಿ, ನನ್ನ ಕೆನ್ನೆಗೆ ಮುಟ್ಟಿಸಿ ಬಿಸಿ ನೋಡಿ, ಅವಳ ಎದೆಯ ಮೇಲೆ ಹಾಕುವುದು. ಆರಿದರೆ ಮತ್ತೆ ಅದ್ದುವುದು. ಹಾಲು ಹಿಂಡುವಾಗ ಅವಳು ಸೆರಗು ಕಚ್ಚಿ ಹಿಡಿಯುತ್ತಿದ್ದಳು.

“ಅಕ್ಕಾ, ನನ್ನನ್ನ ಕರ್ಕೊಂಡು ಹೋಗ್ತಾರಾ?”

“ಯಾರೂ ಕರ್ಕೊಂಡು ಹೋಗಲ್ಲ. ಸುಮ್ನೆ ಮಲ್ಕೋ.”

“ನೀವು ಅಷ್ಟು ಜೋರಾಗಿ ಕೂಗ್ತೀರ ಅಂತ ಗೊತ್ತೇ ಇರ್ಲಿಲ್ಲ.”

“ನನಗೂ ಗೊತ್ತಿರ್ಲಿಲ್ಲ ಕಣೆ.”

ಮಧ್ಯಾಹ್ನ ಥರ್ಮಾಮೀಟರ್ ಇಟ್ಟು ನೋಡಿದರೆ ಪಾದರಸ ಬೆಳಿಗ್ಗೆ ಇದ್ದಲ್ಲೇ ನಿಂತಿತ್ತು. ಕಿಟಕಿಯಾಚೆ ಮುನಿಶಾಮಪ್ಪ ಮಂಚದ ಮೇಲೆ ಕಾಲಾಡಿಸುತ್ತಿದ್ದರು. ನಾನೇ ತಪ್ಪಿದ್ದರೆ? ಹೊರಗೆ ಅಷ್ಟು ಜನ ಮಕ್ಕಳು ಮರಿ ಉಣ್ಣುತ್ತಿದ್ದಾರೆ, ಅದರಲ್ಲಿ ನನ್ನ ಮಗಳೂ ಇದ್ದಾಳೆ. ಜಯಂತಿಯ ಕಂಕುಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿದೆ. “ಕಚಗುಳಿ ಆಗತ್ತೆ ಅಕ್ಕಾ,” ಎಂದು ಅವಳು ಆ ಜ್ವರದಲ್ಲೂ ಮೈ ಕುಗ್ಗಿಸಿದಳು. ಪ್ಲೇಗಿನ ಗೆಡ್ಡೆ ಇರಲಿಲ್ಲ. ಇದ್ದಿದ್ದರೆ ನಾನೇ ಅವಳನ್ನು ಎತ್ತಿಕೊಂಡು ಓಡಬೇಕಿತ್ತು. ಆಗಲೂ ಮಗುವನ್ನು ಬಿಟ್ಟು ಓಡುತ್ತಿರಲಿಲ್ಲ, ಅದಂತೂ ಖಂಡಿತ.

ಬಟ್ಟೆ ಅದ್ದಲು ಹೊರಗೆ ಬಂದಾಗ ಪ್ರಭಾ ಅವರ ಕಿಟಕಿಯ ಪೇಪರ್ ಚೂರು ಹರಿಯಿತು. ಸಂದಿನಿಂದ ಒಂದು ಕೈ ಹೊರಬಂತು. ಕೈಯಲ್ಲಿ ಮಾತ್ರೆಯ ಹಾಳೆ, ಹಾಳೆಗೆ ಅಂಟಿದ ಎರಡು ಅಕ್ಕಿ ಕಾಳು.

“ತಗೊಳ್ರೀ ಶೈಲಾ.”

“ಡಾಕ್ಟರು ಮಾತ್ರೆ ಬೇಡ ಅಂದಿದ್ದಾರೆ ಪ್ರಭಾ.”

“ಕೊಡಬೇಡಿ, ಸುಮ್ನೆ ಇಟ್ಕೊಂಡಿರಿ. ಧೈರ್ಯಕ್ಕೆ.”

ಬೆಳಿಗ್ಗೆ ‘ನೂರೆರಡಂತೆ’ ಎಂದು ಕೂಗಿದ ಬಾಯಿಯದೇ ಕೈ ಅದು. ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿದೆ. ಆ ಸಿಟ್ಟನ್ನು ಇನ್ನೊಂದು ದಿನಕ್ಕೆ ಎತ್ತಿಟ್ಟರಾಯಿತು ಎಂದುಕೊಂಡೆ. ಆ ಇನ್ನೊಂದು ದಿನ ಆಮೇಲೆ ಬರಲೇ ಇಲ್ಲ.

ಮುನಿತಾಯಮ್ಮ ಜಯಂತಿಯ ಮನೆಯೊಳಗೆ ಬರಲಿಲ್ಲ. ಆದರೆ ನನ್ನ ಹಂಡೆ ಬರಿದಾಗುವ ಹೊತ್ತಿಗೆ ಸರಿಯಾಗಿ ಅವರ ದೊಡ್ಡ ತಪ್ಪಲೆ ಕುದಿಯುತ್ತಿರುತ್ತಿತ್ತು. “ನೀರು!” ಎಂದು ಕೂಗಿ ಹೊಸ್ತಿಲ ಮುಂದೆ ಇಳಿಸಿ ಹೋಗುತ್ತಿದ್ದರು. ಮೂರನೆಯ ಸಲವೋ ನಾಲ್ಕನೆಯ ಸಲವೋ ಇಳಿಸಿದವರು ಹೋಗದೆ ನಿಂತರು. ಒಳಗಿನಿಂದ ಚಪ್ ಚಪ್ ಎಂದು ಸದ್ದು ಬರುತ್ತಿತ್ತು. ಮಗು ಬಾಯಿ ಹಾಕಿತ್ತು. ಜಯಂತಿ ಕಣ್ಣು ಮುಚ್ಚಿದ್ದಳು, ಉಸಿರು ಬಿಗಿಹಿಡಿದಿದ್ದಳು, ಮಗು ಮಾತ್ರ ಊರ ಸಾಲವೆಲ್ಲ ತೀರಿಸುವ ಹಾಗೆ ಕುಡಿಯುತ್ತಿತ್ತು. ಮುನಿತಾಯಮ್ಮ ಹೊಸ್ತಿಲಲ್ಲೇ ನಿಂತು ಅದನ್ನು ಕೇಳಿಸಿಕೊಂಡು, ಒಲೆಗೆ ಇನ್ನೊಂದು ಸೌದೆ ತಳ್ಳಲು ಹೋದರು.

ಬಿಸಿಲು ಹುಣಸೆಮರದ ಬುಡಕ್ಕೆ ಇಳಿದಾಗ ಜಯಂತಿಯ ಹಣೆಯಲ್ಲಿ ಬೆವರು ಮೂಡಿತು. ಮೊದಲು ಮೂಗಿನ ಮೇಲೆ, ಆಮೇಲೆ ಕುತ್ತಿಗೆಯಲ್ಲಿ. ಥರ್ಮಾಮೀಟರನ್ನು ಸಿಸ್ಟರ್ ಕಲಿಸಿದ ಹಾಗೆ ಮಣಿಕಟ್ಟು ತಿರುಗಿಸಿ ಕೊಡವಿ, ಅವಳ ಬಾಯಲ್ಲಿಟ್ಟು, ತೆಗೆದು, ಬಾಗಿಲ ಬೆಳಕಿಗೆ ಹಿಡಿದೆ. ನೂರಕ್ಕಿಂತ ಕೆಳಗೆ. ನಂಬಿಕೆಯಾಗದೆ ಮತ್ತೊಮ್ಮೆ ಇಟ್ಟೆ. “ಹೊರಗೆ ಏನೋ ಸಾರಿನ ವಾಸನೆ ಬರ್ತಿದೆಯಲ್ಲ ಅಕ್ಕಾ,” ಎಂದಳು ಜಯಂತಿ, ಥರ್ಮಾಮೀಟರ್ ಕಚ್ಚಿಕೊಂಡೇ.

ಅದನ್ನು ಹಿಡಿದುಕೊಂಡು ಹುಣಸೆಮರದವರೆಗೆ ಹೋದೆ. “ನೋಡಿ,” ಎಂದೆ. ಮುನಿಶಾಮಪ್ಪ ಕಣ್ಣು ಕಿರಿದು ಮಾಡಿ, ಗಾಜಿನ ಕಡ್ಡಿಯನ್ನು ಅತ್ತ ಇತ್ತ ತಿರುಗಿಸಿದರು. ಅವರಿಗೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂದು ಅವರಿಗೂ ಗೊತ್ತಿತ್ತು. ನೋಡಬೇಕಾದ್ದನ್ನು ಅವರು ಆಗಲೇ ನೋಡಿಯಾಗಿತ್ತು. ಜಯಂತಿ ಬಾಗಿಲಿಗೆ ಬಂದು, ಮಗುವನ್ನು ಹೆಗಲಿಗೆ ಹಾಕಿ, ತೇಗಿಸಲೆಂದು ಬೆನ್ನು ತಟ್ಟುತ್ತಿದ್ದಳು.

“ಸರಿ,” ಎಂದರು. ಇಡೀ ದಿನ ನುಂಗಿಕೊಂಡಿದ್ದ ಕೆಮ್ಮನ್ನು ಆಗ ಮನಸಾರೆ ಕೆಮ್ಮಿದರು.

ಊರೊಳಗೆ ದೀಪ ಹಚ್ಚುವ ಹೊತ್ತಾಯಿತು. ಒಲೆಗಳಿಗೆ ನೀರು ಚಿಮುಕಿಸಿದರು. ಅಂಗಳದಲ್ಲಿ ಬೂದಿ, ಕೋಳಿಯ ಪುಕ್ಕ, ತುಳಿದು ಅಳಿಸಿಹೋದ ನನ್ನ ರಂಗೋಲಿ. ಗಂಡಸರು ಜಾಲಿಮುಳ್ಳನ್ನು ಬೀದಿಯ ಅಂಚಿಗೆ ಎಳೆದರು. ಮುನಿತಾಯಮ್ಮ ಮಸಿ ಹಿಡಿದ ತಪ್ಪಲೆಯನ್ನು ಸೊಂಟಕ್ಕೆ ಏರಿಸಿ, ಮಂಚ ಹೊತ್ತ ಭಾವನ ಹಿಂದೆ ಹೊರಟವರು, ನನ್ನ ಕಡೆ ತಿರುಗಿಯೂ ನೋಡದೆ ಅವರಿಗೆ ಹೇಳಿದರು:

“ಮುಂದುನ್ ಸಲ ಮಾರಿ ಬಂದ್ರೆ ನಾವ್ ಊರ್ ಬುಡಾದೇನೂ ಬ್ಯಾಡ ಭಾವ, ಈ ಇಂಜಿನಿಯರಮ್ಮನ್ನ ಊರ್ ಬಾಗ್ಲಾಗ್ ನಿಲ್ಸಾಣ. ಇವ್ಳ್ ತಾವ ವಾದ ಮಾಡಕ್ಕಾಗ್ದೆ ಅವ್ಳೇ ತಿರುಕ್ಕಂಡ್ ಓಯ್ತಾಳೆ.”